ಕಸ್ತೂರೆವ್ವನ ಸಪ್ಪ ಮೆಣಸಿನಕಾಯಿ

ಮೆಣಸಿನಕಾಯಿಯಲ್ಲಿ ಖಾರ ಇರಲೇಬಾರದು ಎಂದು ಹಟ ಹಿಡಿದ ಹೆಂಗಸು ಗುಡಗೇರಿಯಲ್ಲಿ ಕಸ್ತೂರೆವ್ವ ಒಬ್ಬಳೇ. ಅದೂ ಯಾರ ಮನೆಯ ಹೆಂಗಸು? ಸ್ಟೇಶನ್ ರಸ್ತೆಯಲ್ಲಿ ಖಾರದ ಗಿರಣಿ ಇಟ್ಟುಕೊಂಡ ಕುಬೇರಪ್ಪನ ಹೆಂಡತಿ. ಊರು ನಗದೆ ಏನು ಮಾಡೀತು? ಸಂತೆಯಲ್ಲಿ ಎದುರಾದವರು, "ಏನ್ಬೇ ಕಸ್ತೂರೆವ್ವ, ಮುಂದಿನ ವರ್ಷ ಸಿಹಿ ಇಲ್ಲದ ಬೆಲ್ಲಾ ಮಾಡಾಕಿ ಏನು?" ಎಂದು ಕೆಣಕುತ್ತಿದ್ದರು. ಅವಳು ನಗುತ್ತಿರಲಿಲ್ಲ, ಸಿಟ್ಟಿಗೂ ಏಳುತ್ತಿರಲಿಲ್ಲ. ಆ ದಿನಗಳಲ್ಲಿ ಅವಳಿಗೆ ಎರಡೂ ಬರುತ್ತಿರಲಿಲ್ಲ. ಬದನೆಕಾಯಿ ಆರಿಸಿಕೊಂಡು, ಚೀಲ ಹಿಡಿದು ಮನೆಗೆ ಬರುತ್ತಿದ್ದಳು.

ಕುಬೇರಪ್ಪ ಒಂದು ಕಾಲಕ್ಕೆ ನಾಲಿಗೆಗೆ ಹೆಸರಾದ ಮನುಷ್ಯ. ಶಿವರಾತ್ರಿ ಮುಗಿದು ಬಿಸಿಲು ಕಾವೇರಿತೆಂದರೆ ಸುತ್ತಲಿನ ಹಳ್ಳಿಯ ಹೆಂಗಸರೆಲ್ಲ ಒಣಮೆಣಸಿನಕಾಯಿಯ ಗಂಟು ಹೊತ್ತು ಅವನ ಗಿರಣಿಗೆ ಬರುತ್ತಿದ್ದರು. ಹೊರಗೆ ಸರತಿ ನಿಂತವರು ಸೀನುತ್ತಿದ್ದರೆ ಒಳಗೆ ಇವನು ಕೆಂಪು ಧೂಳಿನ ನಡುವೆ ಆರಾಮವಾಗಿ ಹರಟೆ ಹೊಡೆಯುತ್ತಿದ್ದ. ಬಿದ್ದ ಪುಡಿಯಲ್ಲಿ ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡು, "ಇದು ಡಬ್ಬಿ. ಇದಕ್ಕ ಗುಂಟೂರ ಬೆರಿಸೀರಿ, ಸುಳ್ಳ ಹೇಳಬ್ಯಾಡ್ರಿ" ಎನ್ನುತ್ತಿದ್ದ. ಡಬ್ಬಿಯೆಂದರೆ ನಮ್ಮ ಕಡೆಯ ದಪ್ಪ ಬ್ಯಾಡಗಿಕಾಯಿ, ಮೈತುಂಬ ಸುಕ್ಕು, ಕಡುಗೆಂಪು, ಘಮ ಹೆಚ್ಚು, ಖಾರ ಕಮ್ಮಿ. ಕಮ್ಮಿ ಎಂದು ನಾವು ಹೇಳುತ್ತೇವೆ. ಬೇರೆ ಊರಿನವರು ತಿಂದು ನೋಡಿ ಹೇಳಲಿ.

ಧೂಳು ಗಂಟಲಿಗಿಳಿಯಬಾರದು ಎಂಬ ನೆವದಲ್ಲಿ ಅವನು ದವಡೆಯ ಸಂದಿನಲ್ಲಿ ಸದಾ ತಂಬಾಕಿನ ಉಂಡೆ ಇಟ್ಟುಕೊಳ್ಳುತ್ತಿದ್ದ. ಅಲ್ಲೇ ಹುಣ್ಣಾಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ದವಡೆಯ ಒಂದು ಬದಿ ತೆಗೆದರು, ಆಮೇಲೆ ವಾರಗಟ್ಟಲೆ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ಬಾಯಿಯ ಒಳಗೆಲ್ಲ ಸುಟ್ಟಂತಾಗಿ, ನೀರು ನುಂಗುವುದೂ ಒಂದು ಕೆಲಸವಾಯಿತು. ಆದರೂ ಜೀವ ಉಳಿಯಿತು.

ಜೀವ ಉಳಿಯಿತು ಎಂದು ಡಾಕ್ಟರು ಹೇಳಿದ ದಿನ ಕಸ್ತೂರೆವ್ವ ಊಟದ ಡಬ್ಬಿ ಹಿಡಿದು ನಿಂತಿದ್ದಳು. "ಇದನ್ನ ಎಲ್ಲಿ ತೊಳೀಲ್ರಿ?" ಎಂದು ಕೇಳಿದಳು. ಡಾಕ್ಟರು ಅವಳ ಮುಖ ನೋಡಿದರು. ಖುಷಿ ಆಗಬೇಕಿತ್ತು ಎಂದು ಅವಳಿಗೂ ಗೊತ್ತಿತ್ತು, ಆಗಲಿಲ್ಲ. ಕಾಲಿಗೆ ಜೋಮು ಹಿಡಿದರೆ ಝಾಡಿಸಿ ಬಿಡಿಸಿಕೊಳ್ಳಬಹುದು, ಇದನ್ನು ಎಲ್ಲಿ ಝಾಡಿಸುವುದು? ಊರಿಗೆ ಬಂದ ಮೇಲೆ ಬೀಗರು ಬಿಜ್ಜರು ಮಾತಾಡಿಸಲು ಬಂದು, ಒಂದು ಹನಿ ಕಣ್ಣೀರು ಹಾಕದ ಅವಳನ್ನು ಕಂಡು, "ಭಾಳ ಗಟ್ಟಿ ಹೆಣ್ಣಮಗಳು" ಎಂದು ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೇ.

ಗಿರಣಿಯನ್ನು ಮಗ ಈರೇಶ ನೋಡಿಕೊಂಡ. ಮನೆಯಲ್ಲಿ ಎರಡು ಅಡುಗೆ ಶುರುವಾಯಿತು. ಈರೇಶನಿಗೂ ತನಗೂ ರೊಟ್ಟಿ, ಪಲ್ಯ, ಖಾರದ ಚಟ್ನಿ. ಗಂಡನಿಗೆ ಗಂಜಿ, ಹಾಲಿನಲ್ಲಿ ಕಲಸಿದ ರೊಟ್ಟಿ. "ಹೆಂಗಾಗೇತ್ರಿ?" ಎಂದು ಇವಳು ಕೇಳುವುದು, "ಛಲೋ ಆಗೇತಿ" ಎಂದು ಅವನು ಅರ್ಧ ಬಾಯಲ್ಲಿ ಹೇಳುವುದು. ಅಲ್ಲಿಗೆ ಗಂಡ ಹೆಂಡತಿಯ ದಿನದ ಮಾತು ಮುಗಿಯುತ್ತಿತ್ತು.

ಒಂದು ಮಧ್ಯಾಹ್ನ ಬಾಜು ಮನೆಯ ಮುಮತಾಜ್ ರಂಜಕ ಅರೆಯುತ್ತಿದ್ದಳು. ಅವಳ ಗಂಡ ಶರೀಫಸಾಬ ಇವರ ಗಿರಣಿಯಲ್ಲೇ ಕೆಲಸಕ್ಕಿದ್ದ, ಎರಡು ಮನೆಯ ನಡುವೆ ಮೋಟು ಗೋಡೆ ಮಾತ್ರ. ರಂಜಕವೆಂದರೆ ಗಿಡದಲ್ಲೇ ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಉಪ್ಪು, ಹುಳಿ, ಬಳ್ಳೊಳ್ಳಿ ಹಾಕಿ ಹಸಿದೇ ಅರೆದದ್ದು. ಬೆಣ್ಣೆಯ ಜೊತೆ ಬಿಸಿ ರೊಟ್ಟಿಗೆ ಹಚ್ಚಿಕೊಂಡು ಕುಬೇರಪ್ಪ ಅದನ್ನು ತಿನ್ನುತ್ತಿದ್ದ ಪರಿಯನ್ನು ನೋಡಬೇಕಿತ್ತು. ಈಗ ಆ ವಾಸನೆ ಗೋಡೆ ದಾಟಿ ಬಂತು. ಹಾಲುರೊಟ್ಟಿಯ ಚಮಚ ಬಾಯಿಗೆ ಒಯ್ಯುತ್ತಿದ್ದವನು ಹಾಗೇ ನಿಲ್ಲಿಸಿ ಗೋಡೆಯ ಕಡೆ ತಿರುಗಿದ. ಸ್ವಲ್ಪ ಹೊತ್ತು ನೋಡಿ, ಮತ್ತೆ ಚಮಚ ಬಾಯಿಗಿಟ್ಟ.

ಕಸ್ತೂರೆವ್ವ ಅದನ್ನು ಕಂಡಳು. ಅಳು ಬರಲಿಲ್ಲ. ಆದರೆ ಕೈಗೊಂದು ಕೆಲಸ ಸಿಕ್ಕಿತು. ಖಾರವೇ ಇಲ್ಲದ ಡಬ್ಬಿಕಾಯಿ ಇದ್ದರೆ ಇವರಿಗೆ ರಂಜಕ ಮಾಡಿ ಹಾಕಬಹುದಲ್ಲ ಎಂದುಕೊಂಡಳು. ಅಂಥದ್ದು ಯಾವ ಸಂತೆಯಲ್ಲೂ ಸಿಗುವುದಿಲ್ಲ. ಸಿಗದಿದ್ದರೆ ಮಾಡಿಕೊಳ್ಳಬೇಕು.

ಮಾಡುವ ಬಗೆ ಅವಳಿಗೆ ಗೊತ್ತಿತ್ತು. ಅವಳ ತವರು ನವಲಗುಂದ ತಾಲೂಕಿನ ತಿರ್ಲಾಪುರ, ಹತ್ತಿಯ ಊರು. ಹುಡುಗಿಯಾಗಿದ್ದಾಗ ಬೀಜದ ಹತ್ತಿಯ ಹೊಲಗಳಲ್ಲಿ ಕ್ರಾಸಿಂಗ್ ಕೂಲಿಗೆ ಹೋಗುತ್ತಿದ್ದಳು. ಸಂಜೆ ಮೊಗ್ಗು ಸುಲಿದು ಒಳಗಿನ ಗಂಡುಕಡ್ಡಿ ಚಿವುಟುವುದು, ಮುಂಜಾನೆ ಬೇರೆ ಜಾತಿಯ ಹೂವು ತಂದು ಅದರ ಪುಡಿ ತಾಗಿಸುವುದು, ದಾರ ಕಟ್ಟುವುದು. ಹತ್ತಿಗೆ ಮಾಡಿದ್ದನ್ನು ಮೆಣಸಿಗೆ ಮಾಡಿದರೆ ಯಾರು ಬೇಡವೆನ್ನುತ್ತಾರೆ?

ಸಂತೆಯಲ್ಲಿ ಹಣ್ಣಾಗಿ ಮೂಲೆಗೆ ಬಿದ್ದಿದ್ದ ಒಂದು ದೊಣ್ಣಮೆಣಸಿನಕಾಯಿ ತಂದು ಬೀಜ ತೆಗೆದಳು. ಅದು ಬಜ್ಜಿಗಾದರೂ ಆದೀತು, ಪಲ್ಯಕ್ಕಾದರೂ ಆದೀತು, ಹೆಸರಿಗಷ್ಟೇ ಮೆಣಸಿನಕಾಯಿ. ಹಿತ್ತಲಲ್ಲಿ ಒಂದು ಸಾಲು ಅದು, ಒಂದು ಸಾಲು ಡಬ್ಬಿ. ಹೂವಿಗೆ ಬಂದಾಗ ಸಂಜೆ ಹೊತ್ತು ಡಬ್ಬಿಯ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ನಾಳೆ ಅರಳುವ ಮೊಗ್ಗು ಹುಡುಕಿ, ಉಗುರಿನಿಂದ ಎಸಳು ಬಿಡಿಸಿ, ನೀಲಿ ಬಣ್ಣದ ಗಂಡುಕಡ್ಡಿಗಳನ್ನು ಒಂದೊಂದಾಗಿ ತೆಗೆದು, ಮೇಲೆ ಅರಳೆಯ ಎಳೆ ಸುತ್ತುತ್ತಿದ್ದಳು. ಹತ್ತಿಯ ಮೊಗ್ಗು ಹೆಬ್ಬೆರಳಿನಷ್ಟು, ಇದು ಜೋಳದ ಕಾಳಿನಷ್ಟು. ಕೈ ಸ್ವಲ್ಪ ಜಾರಿದರೆ ಮೊಗ್ಗೇ ಉದುರುತ್ತಿತ್ತು. ಬಹಳಷ್ಟು ಉದುರಿದವು. ಕುಬೇರಪ್ಪ ಹಿಂಬಾಗಿಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಮುಂಜಾನೆ ದೊಣ್ಣಕಾಯಿಯ ಹೂವಿನ ಪುಡಿ ತಾಗಿಸಿ, ತೊಟ್ಟಿಗೆ ದಾರ ಕಟ್ಟಿ ಬಂದಳೆಂದರೆ ಅವಳ ದಿನ ಹೇಗೋ ಸಾಗುತ್ತಿತ್ತು.

ಕೆಲವು ಕಾಯಿ ನಿಂತವು. ಅವುಗಳ ಬೀಜವನ್ನು ಮುಂದಿನ ಮುಂಗಾರಿಗೆ ಹಾಕಿದಳು. ಗಿಡ ಬಂದವು, ಕಾಯಿ ಬಿಟ್ಟವು. ಇತ್ತ ಡಬ್ಬಿಯೂ ಅಲ್ಲ ಅತ್ತ ದೊಣ್ಣಕಾಯಿಯೂ ಅಲ್ಲದ ಗಿಡ್ಡ, ದಪ್ಪ, ಕೆಂಪು ಕಾಯಿ. ಹಣ್ಣಾದ ಒಂದನ್ನು ಕಚ್ಚಿ ನೋಡಿದಳು. ಸಪ್ಪಗಿದೆ ಅನ್ನಿಸಿತು. ಗೋಡೆಯ ಮೇಲಿಂದ ಮುಮತಾಜ್‌ಗೂ ಒಂದು ಕೊಟ್ಟಳು.

ಮುಮತಾಜ್ ಅದನ್ನು ಸೌತೆಕಾಯಿಯಂತೆ ಕರಕರ ಅಗಿದಳು. "ಏನೂ ಇಲ್ಲಬಿಡ್ರಿ ಕಸ್ತೂರಕ್ಕಾ, ಅಗದಿ ಸಪ್ಪ. ಸಣ್ಣ ಕೂಸಿಗೆ ತಿನಸ್ರಿ."

ಆ ಇಬ್ಬರು ಹೆಂಗಸರ ಮಾತನ್ನು ಯಾರಾದರೂ ನಂಬಬೇಕೆ? ಹಲ್ಲು ಬಂದಾಗಿನಿಂದ ಖಾರದ ಹಿಂಡಿ ತಿಂದು ಬೆಳೆದ ನಾಲಿಗೆಗಳು. ಬ್ಯಾಡಗಿಯ ಖಾರ ಖಾರವೇ ಅಲ್ಲ ಎನ್ನುವ ಊರು. ಆದರೆ ಕಸ್ತೂರೆವ್ವ ನಂಬಿದಳು. ಬಳ್ಳೊಳ್ಳಿ ಹೆಸರಿಗೆ ಮಾತ್ರ ಹಾಕಿ, ಉಪ್ಪು ಕಡಿಮೆ ಮಾಡಿ, ಹುಳಿ ಬಿಟ್ಟು ರಂಜಕ ಅರೆದಳು. ರೊಟ್ಟಿಯ ಮೆತ್ತನೆಯ ಭಾಗಕ್ಕೆ ಬೆಣ್ಣೆ, ಅದರ ಮೇಲೆ ರಂಜಕ ಹಚ್ಚಿ ಗಂಡನ ತಾಟಿಗಿಟ್ಟಳು.

ಕುಬೇರಪ್ಪ ಒಂದು ತುಣುಕು ಬಾಯಿಗಿಟ್ಟ. ಕಣ್ಣು ಅಗಲವಾದವು. ಇನ್ನೊಂದು ತುಣುಕು ಇಟ್ಟುಕೊಂಡ. ಮುಖ ಕೆಂಪೇರಿ, ಮೂಗು ಸೋರತೊಡಗಿತು. ಆದರೂ ಮೂರನೆಯದಕ್ಕೆ ಕೈ ಹಾಕಿದ. ಅಷ್ಟರಲ್ಲಿ ಉಸಿರು ಸಿಕ್ಕಿಕೊಂಡು ಕೆಮ್ಮು ಬಂತು, ತಾಟು ಉರುಳಿತು, ಈರೇಶ ಓಡಿ ಬಂದು ಹಿಡಿದುಕೊಂಡ. ಮಾಯುತ್ತಿದ್ದ ಬಾಯಿ ಮತ್ತೆ ಬೊಬ್ಬೆ ಎದ್ದಿತು. ಮತ್ತೆ ಹುಬ್ಬಳ್ಳಿ, ಊಟಕ್ಕೆ ಮೂಗಿನಲ್ಲಿ ನಳಿಗೆ. "ಮೆಣಸಿನಕಾಯಿ ತಿನಸೀರೇನು? ತಲಿ ಕೆಟ್ಟೈತೇನು ನಿಮಗ?" ಎಂದು ಡಾಕ್ಟರು ಎಲ್ಲರ ಮುಂದೆ ಬಯ್ದರು.

ಬೈಸಿಕೊಂಡು ಬಂದವಳಿಗೆ ನಾಚಿಕೆ ಆಗಬೇಕಿತ್ತು, ದುಃಖ ಆಗಬೇಕಿತ್ತು. ಯಾವುದೂ ಆಗಲಿಲ್ಲ. ನನ್ನ ಮನಸ್ಸು ನೋಯಬಾರದೆಂದು ಪಾಪ ಮೂರನೆಯ ತುತ್ತಿಗೂ ಕೈ ಹಾಕಿದರಲ್ಲ ಎಂದು ಲೆಕ್ಕ ಹಾಕಿದಂತೆ ಯೋಚಿಸಿದಳು, ಅಷ್ಟೇ. ಆಮೇಲೆ ಹಿತ್ತಲಿಗೆ ಹೋಗಿ ಆ ಗಿಡಗಳನ್ನು ಕಾಯಿಸಮೇತ ಕಿತ್ತು ತಿಪ್ಪೆಗೆ ಎಸೆದಳು.

ಆದರೆ ಒಂದು ಮಾತು ಅವಳಿಗೆ ತಿಳಿಯಿತು. ತಪ್ಪಿದ್ದು ಕೈಯಲ್ಲ, ನಾಲಿಗೆ. ಗುಡಗೇರಿಯಲ್ಲಷ್ಟೇ ಅಲ್ಲ, ಇಡೀ ಕುಂದಗೋಳ ತಾಲೂಕಿನಲ್ಲಿ ಇಲ್ಲಿ ಖಾರ ಇದೆ, ಇಲ್ಲಿ ಇಲ್ಲ ಎಂದು ಖರೆ ಹೇಳುವ ನಾಲಿಗೆ ಇರಲಿಲ್ಲ. ಅದನ್ನೂ ತಾನೇ ಮಾಡಿಕೊಳ್ಳಬೇಕಾಯಿತು. ಅಂದಿನಿಂದ ಕಸ್ತೂರೆವ್ವ ಖಾರ ಬಿಟ್ಟಳು. ಮನೆಯಲ್ಲಿ ಒಂದೇ ಅಡುಗೆ ಆಯಿತು. ಗಂಡನ ಗಂಜಿಯೇ ಅವಳ ಗಂಜಿ.

ಈರೇಶನಿಗೆ ಅದು ಶಿಕ್ಷೆ. "ಯವ್ವಾ, ಅಪ್ಪಗ ರೋಗ ಬಂದಿದ್ದಕ್ಕ ನಾವೆಲ್ಲಾರೂ ದವಾಖಾನಿ ಊಟ ಮಾಡೂದೇನು?" ಎಂದ.

"ನಿನಗ ಬೇಕಾದ್ರ ಮುಮತಾಜ್ ಮನಿಯಿಂದ ಚಟ್ನಿ ಇಸ್ಕೊಂಡು ತಿನ್ನಪಾ," ಎಂದಳು. ಅವನು ಹಾಗೇ ಮಾಡಿದ.

ಮೊದಲ ತಿಂಗಳು ಊಟವೆಂಬುದು ಅವಳಿಗೆ ಬರೀ ಅಗಿಯುವ ಕೆಲಸವಾಗಿತ್ತು. ಬರಬರುತ್ತ ನಾಲಿಗೆ ಬಯಲಾಯಿತು. ಮೂಲಂಗಿ ಖಾರವೆನಿಸಿತು, ಹಸಿ ಉಳ್ಳಾಗಡ್ಡಿ ಚುರ್ ಎಂದಿತು. ಮದುವೆ ಮನೆಗಳಲ್ಲಿ ಮಿರ್ಚಿ ಬಡಿಸಲು ಬಂದರೆ ಎಲೆಯ ಮೇಲೆ ಕೈ ಅಡ್ಡ ಇಡುತ್ತಿದ್ದಳು. ಗಂಡನ ಸಲುವಾಗಿ ಏನೋ ಹರಕೆ ಹೊತ್ತಿದ್ದಾಳೆ ಎಂದು ಊರು ಮಾತಾಡಿಕೊಂಡಿತು. ಅವಳು ಇಲ್ಲವೆನ್ನಲಿಲ್ಲ. ನಾಲಿಗೆ ತಯಾರು ಮಾಡುತ್ತಿದ್ದೇನೆ ಎಂದು ಹೇಳಿದರೆ ಯಾರಿಗೆ ತಿಳಿಯಬೇಕು?

ಮುಂದಿನ ಮಳೆಗೆ ತಿಪ್ಪೆಯ ಅಂಚಿನಲ್ಲಿ ಮೆಣಸಿನ ಸಸಿಗಳು ಎದ್ದವು. ತಾನು ಎಸೆದ ಕಾಯಿಗಳ ಬೀಜ. ಕಸ್ತೂರೆವ್ವ ಸೆಗಣಿ ಚೆಲ್ಲಲು ಹೋದವಳು ಅವುಗಳನ್ನು ಕಂಡು ಬುಟ್ಟಿ ಇಳಿಸಿದಳು. ತಿರ್ಲಾಪುರದಲ್ಲಿ ಒಂದು ಮಾತು ಕೂಲಿಯವರಿಗೆಲ್ಲ ಗೊತ್ತಿತ್ತು. ಕ್ರಾಸಿಂಗ್ ಮಾಡಿದ ಹತ್ತಿಯ ಬೀಜವನ್ನು ಒಂದು ಸಲ ಬಿತ್ತಿದರೆ ಹೊಲವೆಲ್ಲ ಒಂದೇ ಸಮ. ಅದರ ಬೀಜ ಇಟ್ಟುಕೊಂಡು ಮತ್ತೆ ಬಿತ್ತಿದರೆ ಒಂದು ಗಿಡ ಅಪ್ಪನಂತೆ, ಒಂದು ಅವ್ವನಂತೆ, ಒಂದು ಯಾರಂತೆಯೂ ಇಲ್ಲ, ಚದುರಿಹೋಗುತ್ತದೆ. ಅದಕ್ಕೇ ರೈತರು ಆ ಬೀಜವನ್ನು ಬೈದು ಬಿಸಾಡುತ್ತಿದ್ದರು. ಹತ್ತಿಯವರಿಗೆ ಬೇಡವಾದ ಈ ಚದುರಾಟವೇ ಈಗ ಇವಳಿಗೆ ಬೇಕಾಗಿತ್ತು. ಅವುಗಳಲ್ಲಿ ಒಂದಾದರೂ ಬಣ್ಣ, ಘಮ ಅವ್ವನಿಂದ ತಂದು, ಸಪ್ಪತನ ಅಪ್ಪನಿಂದ ತಂದಿರಬಹುದು.

ಸಸಿಗಳನ್ನು ಒಂದೊಂದಾಗಿ ಕಿತ್ತು ಹಿತ್ತಲ ತುಂಬ ನೆಟ್ಟಳು. ಬಚ್ಚಲ ನೀರಿನ ದಾರಿಯಲ್ಲಿ, ನುಗ್ಗೆ ಗಿಡದ ಬುಡದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ. ಕುಬೇರಪ್ಪ ತಾನಾಗಿಯೇ ಎದ್ದು ಬಂದು ತಂಬಿಗೆಯಲ್ಲಿ ನೀರು ಹಾಕಿದ. ಗಾಯ ಮಾಯ್ದಿತ್ತು, ಮೈಯಲ್ಲಿ ಸ್ವಲ್ಪ ಶಕ್ತಿ ಬಂದಿತ್ತು. "ಈ ಸಲ ಬರ್ತಾವ ನೋಡು," ಎಂದ. ಅಷ್ಟು ಉದ್ದನೆಯ ಮಾತು ಅವನ ಬಾಯಿಂದ ಬಂದು ಬಹಳ ದಿನವಾಗಿತ್ತು. ಕಸ್ತೂರೆವ್ವ "ಹೂಂ" ಎಂದು ಮುಂದಿನ ಕುಣಿ ತೋಡಿದಳು.

ಸಂಕ್ರಾಂತಿಯ ಹೊತ್ತಿಗೆ ಕಾಯಿ ಹಣ್ಣಾದವು. ಉದ್ದ, ಗಿಡ್ಡ, ಸುಕ್ಕು, ನುಣುಪು, ನಿಂಬೆಹಣ್ಣಿನಂತೆ ದುಂಡಗಿರುವ ಒಂದು, ಡೊಂಕು ಡೊಂಕಾದ ಒಂದು. ಅಣ್ಣತಮ್ಮಂದಿರು ಎಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ದಿನಕ್ಕೆ ಒಂದೇ ಗಿಡದ ಕಾಯಿ ಕಚ್ಚುತ್ತಿದ್ದಳು, ಬೀಜ ಹತ್ತಿಕೊಂಡ ನಡುವಿನ ಬಿಳಿ ಭಾಗ ಹಲ್ಲಿಗೆ ಸಿಗುವಂತೆ. ಖಾರ ಇರುವುದು ಅಲ್ಲಿಯೇ. ಒಂದು ಖಾರದ್ದು ಸಿಕ್ಕರೆ ಅಂದಿಗೆ ನಾಲಿಗೆ ಕೆಲಸಕ್ಕೆ ಬಾರದು. ಬಯಲಾದ ನಾಲಿಗೆಗೆ ಅದು ಸಣ್ಣ ಶಿಕ್ಷೆಯಲ್ಲ. ಕಣ್ಣು ಕತ್ತಲಿಟ್ಟು ನೀರಿನ ಹಂಡೆಗೆ ಓಡಿದ ದಿನಗಳಿದ್ದವು. ಬಾಯಿ ಉರಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಒಳಗೆ ಏನೂ ಅಲುಗುತ್ತಿರಲಿಲ್ಲ. ಸೆರಗಿನಿಂದ ಕಣ್ಣು ಒರೆಸಿ, ಆ ಗಿಡ ಕಿತ್ತು, ಕಸ ಹೊಡೆಯಲು ಹೋಗುತ್ತಿದ್ದಳು.

ಕಡೆಗೆ ಬಟ್ಟೆ ಒಗೆಯುವ ಕಲ್ಲಿನ ಹಿಂದಿನ ಗಿಡದಲ್ಲಿ ಸಿಕ್ಕಿತು. ಸುಕ್ಕು ಸುಕ್ಕಾದ ಕಾಯಿ, ಥೇಟ್ ಡಬ್ಬಿಯ ಕೆಂಪು. ಕಚ್ಚಿದಳು, ಕಾದಳು. ಏನೂ ಬರಲಿಲ್ಲ. ನಡುವಿನ ಬಿಳಿ ಭಾಗವನ್ನೇ ನೆಕ್ಕಿದಳು. ಇಲ್ಲ. ಮರುದಿನ ಬೇರೆ ಕೊಂಬೆಯ ಕಾಯಿ ನೋಡಿದಳು, ಅದರ ಮರುದಿನ ಇನ್ನೊಂದು. ಖಾರದ ಸುಳಿವೇ ಇರಲಿಲ್ಲ. ಕುಣಿದಾಡಬೇಕಾದ ಗಳಿಗೆ. ಅವಳು ಕಾಯಿಗಳನ್ನು ಸೆರಗಿಗೆ ಕಟ್ಟಿಕೊಂಡು, ಬೀಜಕ್ಕೆಂದು ನಾಲ್ಕನ್ನು ಗಿಡದಲ್ಲೇ ಬಿಟ್ಟು ಒಳಗೆ ಬಂದಳು.

ಈರೇಶ ಗಿರಣಿಯಲ್ಲಿದ್ದ. ಗಂಡ ಹೆಂಡತಿ ಇಬ್ಬರೇ ಅಡುಗೆಮನೆಯಲ್ಲಿ. ರೊಟ್ಟಿ ಬಡಿದು, ಮೆತ್ತಗಿರುವಂತೆ ಬೇಗ ತೆಗೆದು, ಬೆಣ್ಣೆ ಸವರಿ, ರಂಜಕ ಹಚ್ಚಿ ಕೊಟ್ಟಳು. "ಹೆದರಬ್ಯಾಡ್ರಿ. ನಾನ ನೋಡೇನಿ," ಎಂದಳು.

ಕುಬೇರಪ್ಪ ತುಣುಕು ಬಾಯಿಗಿಟ್ಟ. ನಿಧಾನಕ್ಕೆ ಅಗಿದ. ನುಂಗಿದ.

"ಹೆಂಗಾಗೇತ್ರಿ?"

"ಛಲೋ ಆಗೇತಿ."

ಅದೇ ಮಾತು, ಅದೇ ದನಿ. ಗಂಜಿಗೂ ಅದೇ ಹೇಳುತ್ತಿದ್ದ, ಹಾಲುರೊಟ್ಟಿಗೂ ಅದೇ. ಕಸ್ತೂರೆವ್ವ ಅವನ ಮುಖವನ್ನೇ ನೋಡಿದಳು. ಇನ್ನೊಂದು ತುಣುಕನ್ನು ಅವನು ಗುಳಿಗೆ ನುಂಗುವವನ ಹಾಗೆ ನುಂಗಿದ.

"ಖರೇ ಹೇಳ್ರಿ."

ಅವನು ತಾಟಿನ ಅಂಚನ್ನು ಬೆರಳಿನಿಂದ ತೀಡಿದ. "ವಾಸನಿ ಬರ್ತೈತಿ ಕಸ್ತೂರಿ. ಬಾಯಾಗ ಇಟ್ರ ಮಣ್ಣು. ಕರೆಂಟ ಕೊಟ್ಟಾಗಿಂದ ಎಲ್ಲಾ ಮಣ್ಣು. ಗಂಜಿನೂ ಅಷ್ಟ, ಹಾಲೂ ಅಷ್ಟ. ಇದೂ ಅಷ್ಟ."

"ಒಂದರ ರುಚಿನೂ ಹತ್ತೂದಿಲ್ಲೇನ್ರಿ?"

"ಒಂದ ಸಲ ಹತ್ತಿತ್ತು. ಆ ಬಾಯಿ ಸುಟ್ಟ ದಿನ. ಉರಿ ಹತ್ತಿತು. ಆ ದಿನ ಒಂದ ನನಗ ಉಂಡಂಗ ಆಗಿತ್ತು ನೋಡು."

ಹಾಗಾದರೆ ಮೂರನೆಯ ತುತ್ತಿಗೆ ಅವನು ಕೈ ಹಾಕಿದ್ದು ಇವಳ ಮನಸ್ಸು ಉಳಿಸಲಿಕ್ಕಲ್ಲ. ಬೇಕಾಗಿ ಕೈ ಹಾಕಿದ್ದ. ಆ ಗಿಡಗಳನ್ನೇ ಅವಳು ಕಿತ್ತು ತಿಪ್ಪೆಗೆ ಹಾಕಿದ್ದಳು. ಈ ವರ್ಷವಂತೂ ಖಾರದ್ದು ಎಂದು ಗೊತ್ತಾದ ಒಂದೊಂದನ್ನೂ ಹುಡುಕಿ ಹುಡುಕಿ ಕಿತ್ತಿದ್ದಳು.

ಕಸ್ತೂರೆವ್ವನಿಗೆ ಸಿಟ್ಟು ಬಂತು. ಎಷ್ಟೋ ಕಾಲದ ಮೇಲೆ ಬಂದ ಸಿಟ್ಟು, ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಕುಕ್ಕಿದಳು. "ಮತ್ತ ಯಾಕ ಹೇಳಲಿಲ್ಲ? ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿಮಗ? ನಾ ಇಲ್ಲಿ ಸಪ್ಪಂದು ಉಂಡು ಉಂಡು ಸಾಯಾಕ ಹತ್ತೇನಿ! ಮೊಗ್ಗು ಸುಲದು ಸುಲದು ನನ್ನ ಕಣ್ಣು ಹೋದ್ವು! ಛಲೋ ಆಗೇತಿ, ಛಲೋ ಆಗೇತಿ ಅಂತ ಯಾಕ ಅಂದ್ರಿ?"

ಕುಬೇರಪ್ಪ ತಲೆ ಎತ್ತಲಿಲ್ಲ. "ಹೇಳಿದ್ರ ನೀ ಹಿತ್ತಲಕ್ಕ ಹೋಗೂದ ಬಿಡ್ತಿದ್ದಿ. ಅದನ್ನೂ ಬಿಟ್ಟು ಮತ್ತ ಏನ್ ಮಾಡಾಕಿ ಇದ್ದಿ? ಅಲ್ಲಿ ಕುಂತಾಗ ಮಾತ್ರ ನೀ ಜೀವಂತ ಇದ್ದಂಗ ಕಾಣ್ತಿದ್ದಿ."

ಅವಳು ಸೌಟು ಇಟ್ಟು, ಖಾಲಿ ಬಟ್ಟಲು ತೆಗೆದುಕೊಂಡು ಹಿಂಬಾಗಿಲಿನಿಂದ ಹೊರಗೆ ಹೋದಳು. ಗೋಡೆಯ ಮೇಲಿಂದ ಕೂಗಿದಳು, "ಮುಮತಾಜ್, ನಿಮ್ಮ ರಂಜಕ ಒಂದೀಟು ಹಾಕವಾ. ಖಾರಂದು ಬೇಕು."

ತಂದ ರಂಜಕವನ್ನು ಕಡಲೆಕಾಳಿನಷ್ಟು ಗಂಡನ ರೊಟ್ಟಿಗೆ ಹಚ್ಚಿದಳು. ಬಾಜೂಕೆ ಹಾಲಿನ ಲೋಟ ಇಟ್ಟುಕೊಂಡು ಕೂತಳು. "ಸಾವಕಾಶ ತಿನ್ರಿ. ಉರದ್ರ ಉಗುಳಿಬಿಡ್ರಿ."

ಅವನು ಬಾಯಿಗಿಟ್ಟ. ಕಣ್ಣು ಮುಚ್ಚಿದ. ಕಿವಿ ಕೆಂಪಾದವು, ಹಣೆಯಲ್ಲಿ ಬೆವರು ಒಡೆಯಿತು, ಅಂಗೈಯಿಂದ ನೆಲ ಬಡಿದ. ಅವಳು ಹಾಲು ಮುಂದೆ ಹಿಡಿದರೆ ಬೇಡವೆಂದು ತಲೆ ಅಲ್ಲಾಡಿಸಿದ. ಮಾಯ್ದ ಬಾಯಿ ತಡೆದುಕೊಂಡಿತು. "ಬಂತು," ಎಂದ. ಮೂಗು ಸೋರುತ್ತಿದ್ದಂತೆಯೇ ನಕ್ಕ. ಉಳಿದ ಅರ್ಧ ದವಡೆಯ ಸೊಟ್ಟ ನಗು.

ಆಮೇಲೆ ಸಪ್ಪ ರಂಜಕದ ಬಟ್ಟಲನ್ನು ಅವಳ ಕಡೆ ಸರಿಸಿದ. "ಇದನ್ನ ನೀ ತಿನ್ನು. ನನಗಂತೂ ತಿಳೀಲಿಲ್ಲ. ನಿನಗ ತಿಳೀತೈತಿ."

ಕಸ್ತೂರೆವ್ವ ಅದನ್ನು ಪರೀಕ್ಷೆಗೆಂದು ಕಚ್ಚಿದ್ದಳೇ ಹೊರತು ಊಟಕ್ಕೆಂದು ತಿಂದಿರಲಿಲ್ಲ. ರೊಟ್ಟಿ ಮುರಿದು, ಬೆಣ್ಣೆ ಸವರಿ, ದಪ್ಪಗೆ ರಂಜಕ ಹಚ್ಚಿ ಬಾಯಿಗಿಟ್ಟಳು. ಖಾರದ ಅಡಿಯಲ್ಲಿ ಇಷ್ಟು ವರ್ಷ ಮುಚ್ಚಿಹೋಗಿದ್ದ ಡಬ್ಬಿಯ ಘಮ, ಹಣ್ಣಿನ ಸಿಹಿ, ಬಿಸಿಲಿನ ರುಚಿ ಎಲ್ಲ ಒಂದೊಂದಾಗಿ ಬಾಯಿಗೆ ಹತ್ತಿದವು. ಇಂಥ ರಂಜಕವನ್ನು ಅವಳು ಹುಟ್ಟಿದಾಗಿನಿಂದ ತಿಂದಿರಲಿಲ್ಲ.

"ಹೆಂಗಾಗೇತಿ?" ಎಂದು ಈ ಸಲ ಅವನು ಕೇಳಿದ.

"ಭಾಳ ಛಲೋ ಆಗೇತ್ರಿ," ಎಂದಳು. ಇಷ್ಟು ಛಲೋ ಆಗಿದೆ ಎಂಬುದು ಈ ಮನುಷ್ಯನಿಗೆ ಎಂದೆಂದಿಗೂ ತಿಳಿಯುವುದಿಲ್ಲವಲ್ಲ ಎಂದು ಅವಳಿಗೆ ದುಃಖವಾಯಿತು. ಡಾಕ್ಟರ ಮುಂದೆ ಬರದೆ ಉಳಿದ ಅಳು, ಬೀಗರ ಮುಂದೆ ಬರದೆ ಉಳಿದ ಅಳು ಈಗ ಬಂತು. ತುತ್ತು ಬಾಯಲ್ಲಿಟ್ಟುಕೊಂಡೇ ಅತ್ತಳು. ಕುಬೇರಪ್ಪ ಸುಮ್ಮನಿರು ಎನ್ನಲಿಲ್ಲ.

"ಇನ್ನೊಂದು ರೊಟ್ಟಿ ಹಾಕ್ಕೋ," ಎಂದು ಬುಟ್ಟಿ ಮುಂದೆ ತಳ್ಳಿದ. ಅವಳು ಹಾಕಿಕೊಂಡಳು.